ಕಪ್ ತಾರದ ಪೈಲ್ವಾನ

ಮಾರ್ಚ್ ೨೮, ೧೯೨೫. ಅಜ್ಜಂಪುರ

ರೈಲು ನಿಲ್ಲುವ ಮೊದಲೇ ಓಲಗದ ಸದ್ದು ಕೇಳಿಸಿತು. ಯಾರದೋ ಮದುವೆಯ ದಿಬ್ಬಣ ಬಂದಿರಬೇಕೆಂದು ಕಿಟಕಿಯಲ್ಲಿ ತಲೆ ಹಾಕಿದೆ. ನಮ್ಮಣ್ಣ ದೇವೀರಪ್ಪ ಜರಿ ರುಮಾಲು ಸುತ್ತಿಕೊಂಡು, ಎತ್ತಿನ ಕೊರಳಿಗೂ ದೊಡ್ಡದಾಗುವ ಹೂವಿನ ಹಾರ ಹಿಡಿದುಕೊಂಡು ನಿಂತಿದ್ದ. ಅವನ ಹಿಂದೆ ಓಲಗದವರು, ಅವರ ಹಿಂದೆ ಕೆಲಸವಿಲ್ಲದ ಅರ್ಧ ಊರು.

ತಪ್ಪು ನನ್ನದೇ. ಕುಸ್ತಿಯ ಫೈನಲ್ಲಿಗೆ ಬಂದಿದ್ದೇನೆಂದು ಫೆಬ್ರವರಿಯಲ್ಲಿ ಮನೆಗೆ ಬರೆದಿದ್ದೆ. ಫೈನಲ್ ಎಂದರೆ ಗೆದ್ದಾಯಿತು ಎಂದು ಈ ಜನ ತಿಳಿದುಕೊಂಡಿದ್ದಾರೆ.

“ಎಲ್ಲೋ ಕಪ್ಪು?” ಎಂದ ಅಣ್ಣ, ನನ್ನ ಟ್ರಂಕಿನ ಕಡೆ ನೋಡುತ್ತ.

“ಮೈಸೂರಲ್ಲಿದೆ.”

“ಆಮ್ಯಾಲೆ ಕಳಿಸ್ತಾರಾ?”

“ಕಳ್ಸಲ್ಲ. ಗೆದ್ದೋನ ಹತ್ರ ಇದೆ.”

ಓಲಗದವನಿಗೆ ಈ ಮಾತು ಕೇಳಿಸಲಿಲ್ಲ. ಅವನು ಕೆನ್ನೆ ಉಬ್ಬಿಸಿ ಊದುತ್ತಲೇ ಇದ್ದ. ಹಾರವನ್ನು ಏನು ಮಾಡುವುದೆಂದು ತಿಳಿಯದೆ ಅಣ್ಣ ಅದನ್ನು ಸ್ಟೇಷನ್ ಮಾಸ್ತರರ ಕೊರಳಿಗೆ ಹಾಕಿದ. ಅವರೂ ಹಾಕಿಸಿಕೊಂಡರು. ನಮ್ಮೂರಿನವರಿಗೆ ಹಾರ ಹಾಕಲು ಒಂದು ಕೊರಳು ಬೇಕು, ಅಷ್ಟೆ.

ಮಾರ್ಚ್ ೩೦

ನಡೆದದ್ದನ್ನು ಒಮ್ಮೆ ನೆಟ್ಟಗೆ ಬರೆದಿಡುತ್ತೇನೆ. ಬಾಯಲ್ಲಿ ಹೇಳಿದರೆ ತಿಳಿಯುವಂಥವರು ಇಲ್ಲಿ ಯಾರೂ ಇಲ್ಲ.

ಈ ವರ್ಷ ನಮ್ಮ ಕಾಲೇಜಿನ ಕುಸ್ತಿ ಎಂದರೆ ಇಬ್ಬರೇ. ಭಾರಿ ತೂಕದಲ್ಲಿ ನಾನು. ಹಗುರ ತೂಕದಲ್ಲಿ ಹಿರೇನಲ್ಲೂರಿನ ಸಣ್ಣಬೀರಪ್ಪ. ಮಳೆಗಾಲದಿಂದ ಶಿವರಾತ್ರಿಯವರೆಗೆ ನಮ್ಮಿಬ್ಬರ ಬೆನ್ನಿಗೆ ಒಬ್ಬ ಎದುರಾಳಿಯೂ ಮಣ್ಣು ಹತ್ತಿಸಲಿಲ್ಲ. ತುಮಕೂರಿನವರು ಬಂದರು, ಮಣ್ಣು ಮುಕ್ಕಿ ಹೋದರು. ಹಾಸನದವನೊಬ್ಬ ನನ್ನ ಕೈಗೆ ಸಿಕ್ಕಿ, ಬಿಟ್ಟುಬಿಡು ಎಂದು ಕಿವಿಯಲ್ಲಿ ಗೋಗರೆದ. ಇನ್ನೊಬ್ಬ ನನ್ನ ಹೆಸರು ಕೇಳಿಯೇ ಹೊಟ್ಟೆನೋವೆಂದು ಹೊದ್ದು ಮಲಗಿದ.

ಹೀಗಿದ್ದು, ಮೈಸೂರಿನಲ್ಲಿ ಒಂದೇ ಮಧ್ಯಾಹ್ನ ಇಬ್ಬರೂ ಸೋತೆವು. ಸಣ್ಣಬೀರಪ್ಪನಿಗೆ ಕಾಲು ಜಾರಿತು. ಅವನು ಮೈ ಕೊಡವಿಕೊಂಡು, ನಗುತ್ತ ಹೊರಗೆ ಬಂದು, ಕಡಲೆಕಾಯಿ ಸುಲಿಯುತ್ತ ಕುಳಿತ. ಸೋತು ಬಂದು ಕಡಲೆಕಾಯಿ ತಿನ್ನುವವನನ್ನು ಪೈಲ್ವಾನನೆಂದು ಹೇಗೆ ಕರೆಯುವುದು?

ನನ್ನದು ಸೋಲಲ್ಲ. ಎದುರಾಳಿ ಹನುಮಂತಪ್ಪ ಮೈಸೂರಿನ ಗರಡಿ ಮನೆತನದವನು. ಬಾದಾಮಿ ಹಾಲು ಕುಡಿದು ಬೆಳೆದ ಮೈ, ಕುತ್ತಿಗೆ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಕಾಣುವುದಿಲ್ಲ. ಆ ಗುಡಾಣವನ್ನು ನಾನು ಕುಸ್ತಿಯುದ್ದಕ್ಕೂ ಆಡಿಸಿದೆ. ಕೊನೆಗೆ ಹೆಗಲ ಮೇಲೆ ಹೊತ್ತು ಬಟ್ಟೆ ಒಗೆದ ಹಾಗೆ ಒಗೆಯಹೋದೆ. ಅವನು ಕಾಲು ಸುತ್ತಿದ. ಇಬ್ಬರೂ ಬಿದ್ದೆವು. ನಾನು ಹೊರಳಿದೆ. ಹೊರಳುವಾಗ ನನ್ನ ಬೆನ್ನು ನೆಲಕ್ಕೆ ಹತ್ತಲಿಲ್ಲ. ಆದರೆ ರೆಫರಿ ಸೀಟಿ ಊದಿಬಿಟ್ಟ. ಆತನೋ ಇಂಗ್ಲಿಷ್ ಸೀಮೆಗೆ ಹೋಗಿ ಬಂದು ಕುಸ್ತಿಯನ್ನು ಪುಸ್ತಕದಲ್ಲಿ ಕಲಿತ ಪ್ರೊಫೆಸರು, ಬೂಟು ಹಾಕಿಕೊಂಡು ಅಖಾಡಕ್ಕಿಳಿದ ಮಹಾನುಭಾವ. ಅವನಿಗೆ ಬೆನ್ನು ಯಾವುದು ಪಕ್ಕೆ ಯಾವುದು ಎಂದು ಗೊತ್ತಿದ್ದರೆ ತಾನೆ.

ಏಪ್ರಿಲ್ ೭

ಊರಿನಲ್ಲಿ ಎಲ್ಲರೂ ಸಮಾಧಾನ ಹೇಳುವುದಕ್ಕೆ ನಿಂತಿದ್ದಾರೆ. ಕ್ಷೌರದವನು ಗಡ್ಡಕ್ಕೆ ನೀರು ಹಚ್ಚುತ್ತ “ಸೋಲು ಗೆಲುವು ಇದ್ದದ್ದೇ ಬಿಡಿ” ಎಂದ. ಕತ್ತಿ ಅವನ ಕೈಯಲ್ಲಿತ್ತಾದ್ದರಿಂದ ಸುಮ್ಮನಿದ್ದೆ. ಶಾಲೆಯ ಉಪಾಧ್ಯಾಯರು ಫೈನಲ್ಲಿಗೆ ಹೋದದ್ದೇ ದೊಡ್ಡದೆಂದು ಬೆನ್ನು ತಟ್ಟಿದರು. ಈ ಮನುಷ್ಯ ಜೀವಮಾನದಲ್ಲಿ ತಟ್ಟಿರುವುದು ಡಸ್ಟರನ್ನು ಮಾತ್ರ.

ಅತ್ತಿಗೆ ಕರಿಬಸಮ್ಮ ಒಬ್ಬರೇ ಏನೂ ಹೇಳಲಿಲ್ಲ. ನಾನು ಎರಡನೆಯ ಸಲ ಅನ್ನ ಬೇಡವೆಂದಾಗ ಮಾತ್ರ, “ಊಟದ ಮ್ಯಾಲೆ ಯಾಕಪ್ಪ ಸಿಟ್ಟು, ಅದೇನು ಸೀಟಿ ಊದಿತ್ತಾ?” ಎಂದರು. ಹೆಂಗಸರಿಗೆ ಎಲ್ಲವೂ ತಮಾಷೆ.

ಏಪ್ರಿಲ್ ೧೬

ತರೀಕೆರೆಯ ಸಾಹುಕಾರ ತಿಮ್ಮಪ್ಪನವರು ಜೂನ್ ಹನ್ನೆರಡಕ್ಕೆ ಹೊಸ ಅಕ್ಕಿ ಗಿರಣಿ ಶುರು ಮಾಡುತ್ತಾರಂತೆ. ಅವತ್ತು ಕುಸ್ತಿ ಇಡಿಸಿದ್ದಾರೆ. ಅಕ್ಕಿ ಗಿರಣಿಗೂ ಕುಸ್ತಿಗೂ ಏನು ಸಂಬಂಧವೋ, ಹಣವಿದ್ದವರು ಹೇಳಿದ್ದೇ ಸಂಬಂಧ. ದೊಡ್ಡ ಜೋಡಿಗೆ ಬೆಳ್ಳಿ ಕಡಗ. ಒಂದು ಕಡೆ ಹನುಮಂತಪ್ಪ. ಇನ್ನೊಂದು ಕಡೆ ನಾನೆಂದು ನಮ್ಮಣ್ಣ ನನ್ನನ್ನು ಕೇಳದೆಯೇ ಮಾತು ಕೊಟ್ಟು ಬಂದಿದ್ದಾನೆ.

“ಈ ಸಲ ತೀರ್ಪು ಹೇಳೋ ಪಂಚರೆಲ್ಲ ನಮ್ಮ ಕಡೆಯೋರು. ಮೂರು ತಾಲ್ಲೂಕಿನ ಜನ ಸೇರ್ತಾರೆ. ನಮ್ಮ ಮನೆ ಮರ್ಯಾದೆ ನಿನ್ನ ಕೈಲದೆ ಕಣೋ,” ಎಂದ.

ಮರ್ಯಾದೆಯ ಮಾತು ಹಾಗಿರಲಿ, ಆ ಗುಡಾಣವನ್ನು ಕಾಯಿ ಒಡೆದ ಹಾಗೆ ಒಡೆಯಬೇಕು. ನನಗೆ ಬೇಕಾದದ್ದು ಅಷ್ಟೆ. ಸಾಮಿಗೆ ಜೋಡಿಯಾಗಿ ಬಾ ಎಂದು ಸಣ್ಣಬೀರಪ್ಪನಿಗೆ ಹೇಳಿಕಳಿಸಿದ್ದೇನೆ. ತೂಕ ಕಡಿಮೆಯಾದರೂ ಕೈಗೆ ಸಿಗದೆ ಓಡಾಡುತ್ತಾನೆ. ಈ ಊರಿನ ಗರಡಿಯಲ್ಲಿರುವವರೆಲ್ಲ ಕನ್ನಡಿ ನೋಡಿಕೊಳ್ಳುವುದಕ್ಕೆ ಸಾಮು ಮಾಡುವವರು.

ಏಪ್ರಿಲ್ ೨೨

ಸಣ್ಣಬೀರಪ್ಪ ಬಂದ. ಟೋಪಿಯಿಲ್ಲ, ಚೀಲವಿಲ್ಲ, ಹೆಗಲ ಮೇಲೆ ಒಂದು ಕಂಬಳಿ. ಬಂದವನೇ ಕೊಟ್ಟಿಗೆಗೆ ಹೋಗಿ ಎತ್ತಿನ ಹಲ್ಲು ನೋಡಿದ. ಬಿ.ಎ. ಓದುವವನು.

ಗರಡಿಯ ಮಣ್ಣು ಕಲ್ಲಾಗಿತ್ತು. ಇಬ್ಬರೂ ಅಗೆದು, ಮಜ್ಜಿಗೆ ಎಣ್ಣೆ ಹಾಕಿ ಹದ ಮಾಡಿದೆವು. ಅಗೆಯುವಾಗಲೂ ಅವನು ಹಾಡುತ್ತಾನೆ. ಅವನ ರಾಗ ಕೇಳಿ ಹೊರಗೆ ಕಟ್ಟಿದ್ದ ಎಮ್ಮೆ ಹಗ್ಗ ಜಗ್ಗಿತು.

ಮೇ ೯

ದಿನಾ ಬೆಳಿಗ್ಗೆ ಸಂಜೆ ಜೋಡಿ. ನನ್ನ ಮೈ ಮೊದಲಿನಂತಾಗಿದೆ. ಸಣ್ಣಬೀರಪ್ಪನೋ, ನಾನು ಎಷ್ಟು ಸಲ ಎಸೆದರೂ ಬೆಕ್ಕಿನ ಹಾಗೆ ಬಿದ್ದು ಬೆಕ್ಕಿನ ಹಾಗೆ ಏಳುತ್ತಾನೆ. ಆದರೆ ಅವನಿಗೆ ರೋಷವೇ ಇಲ್ಲ. ಸಾಮು ಮುಗಿದ ಮೇಲೆ ಕೇಳಿದೆ:

“ವರ್ಷವೆಲ್ಲ ಗೆದ್ದು ಕೊನೇ ದಿನ ಸೋತೆಯಲ್ಲ, ನಿದ್ದೆ ಬರ್ತದಾ ನಿನಗೆ?”

“ಯಾಕೆ ಬರಾಕಿಲ್ಲ? ಅವತ್ತೇ ರೈಲಲ್ಲಿ ಬಂತಲ್ಲ.”

“ಕಪ್ ಬ್ಯಾಡವಾ ನಿನಗೆ?”

“ಬೇಕಿತ್ತು ಕಣೋ. ಅವ್ವನಿಗೆ ತೋರಿಸ್ಬೋದಾಗಿತ್ತು. ಸಿಗ್ಲಿಲ್ಲ, ಏನ್ ಮಾಡಾದು? ಗೆದ್ದಿದ್ದೆಲ್ಲಾ ಗೆದ್ದಂಗೇ ಅಲ್ವಾ? ಅದನ್ನ ಯಾರೂ ವಾಪಸ್ ಇಸ್ಕಳಾಕಿಲ್ಲ.”

ಇಂಥ ತಲೆಯಲ್ಲಿ ನಿದ್ದೆ ಬರದೆ ಇನ್ನೇನು ಬಂದೀತು.

ಮೇ ೧೯

ಇವತ್ತು ಒಂದು ಕಿರಿಕಿರಿಯಾಯಿತು.

ಬೆಳಿಗ್ಗೆ ದಣಿವಾರಿಸಿಕೊಳ್ಳುತ್ತಿದ್ದಾಗ ರೆಫರಿಯ ಮಾತು ಬಂತು. ನಾನು ಎಂದಿನಂತೆ ಅವನ ಬೂಟುಗಳ ಗುಣಗಾನ ಮಾಡುತ್ತಿದ್ದೆ. ಸಣ್ಣಬೀರಪ್ಪ ಕಾಲ ಬೆರಳಿನಲ್ಲಿ ಮಣ್ಣು ಕೆದಕುತ್ತ ಕುಳಿತಿದ್ದವನು, “ಭದ್ರ, ಒಂದ್ ಮಾತು ಹೇಳ್ಲಾ?” ಎಂದ.

“ಹೇಳು.”

“ಅವತ್ತು ನಿನ್ನ ಬೆನ್ನು ನೆಲಕ್ಕೆ ಹತ್ತಿತ್ತು ಕಣೋ. ನಾನು ಆ ಕಡೆಯಿಂದ ನೋಡ್ತಿದ್ದೆ. ಎರಡು ಹೆಗಲೂ ಹತ್ತಿದ್ವು. ಒಂದು ರೆಪ್ಪೆ ಹೊಡೆಯೋ ಹೊತ್ತು.”

ನಾನು ಎದ್ದು ನಿಂತೆ. ಇನ್ನೊಂದು ಜೋಡಿ ಬಾ ಎಂದೆ. ಸಾಕು, ಬಿಸಿಲಾಯಿತು ಎಂದ. ಬಾ ಎಂದೆ. ಬಂದ. ಹೆಗಲಿಗೆ ಎತ್ತಿ ಒಗೆದೆ. ಗರಡಿಯ ಕಟ್ಟೆ ಹತ್ತಿರವಿತ್ತು. ಅವನು ಸರಿಯಾಗಿ ಬೀಳಲಿಲ್ಲ. ಬೀಳುವುದನ್ನು ಕಲಿಯದೆ ಅಖಾಡಕ್ಕೆ ಇಳಿದರೆ ಹೀಗೇ ಆಗುವುದು.

ಬಲ ಹೆಗಲು ಕಳಚಿದೆ, ಎಲುಬೂ ಮುರಿದಿದೆ ಎಂದು ಮೂಳೆ ಕಟ್ಟುವವನು ಹೇಳಿದ. ಅವನು ಹೆಗಲು ಎಳೆದು ಕೂರಿಸುವಾಗ ಸಣ್ಣಬೀರಪ್ಪ ನನ್ನ ಕೈ ಹಿಡಿದುಕೊಂಡಿದ್ದ. ಹಿಡಿದ ಜಾಗ ಇನ್ನೂ ಕೆಂಪಗಿದೆ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಮೇ ೨೧. ಹಿರೇನಲ್ಲೂರು

ನೆನ್ನೆ ಗಾಡಿಯಲ್ಲಿ ಹುಲ್ಲು ಹಾಸಿ ಅವನನ್ನು ಮಲಗಿಸಿ ಹೊರಟೆ. ಅಣ್ಣ ಆಳನ್ನು ಕಳಿಸೋಣ ಎಂದ. ಆಳು ಗುಂಡಿ ನೋಡಿ ಗಾಡಿ ಹೊಡೆಯುವುದಿಲ್ಲ, ನಾನೇ ಹೋದೆ. ದಾರಿಯಲ್ಲಿ ಸಣ್ಣಬೀರಪ್ಪ ಕಲಿಸಿಕೊಟ್ಟ:

“ಗಾಡಿಯಿಂದ ಬಿದ್ದೆ ಅಂತ ಹೇಳ್ತೀನಿ. ನೀನು ಸುಮ್ನಿರು.”

ಅವರ ಮನೆ ಎಂದರೆ ಎರಡು ಅಂಕಣ, ಒಂದು ಕುರಿ ಹಟ್ಟಿ, ಮುಂದೆ ಬೇವಿನ ಮರ. ತಾಯಿ ಈರಕ್ಕ ಗಂಡ ಸತ್ತ ಮೇಲೆ ಹೊಲವನ್ನು ತಾನೇ ನಡೆಸಿಕೊಂಡು ಬಂದವಳು. ರಜೆಗೆ ಬರುವ ಮಗನೇ ಆಳು. ಅವಳು ಮಗನ ಕಟ್ಟು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

“ಗಾಡಿಯಿಂದ ಬಿದ್ದೆ ಕಣವ್ವ,” ಎಂದ ಇವನು.

ಆಗದ್ದನ್ನು ಆಯಿತೆಂದು ಹೇಳುವುದಕ್ಕೆ ನಾನೇನು ಸೀಟಿ ಊದುವ ಪ್ರೊಫೆಸರೇ? “ಗಾಡಿಯಲ್ಲ, ನಾನು ಎತ್ತಿ ಒಗೆದೆ,” ಎಂದೆ.

ಕಿರುಚುತ್ತಾಳೆ, ಶಾಪ ಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, “ಹಂಗಾರೆ ಮಳೆ ಬಂದಾಗ ನೀವೇ ಕೂರಿಗೆ ಹಿಡೀಬೇಕಾಯ್ತದೆ ಕಣಪ್ಪ. ನಮ್ಮನೇಲಿ ಬ್ಯಾರೆ ಗಂಡಾಳಿಲ್ಲ,” ಎಂದಳು.

ಎಂಥ ಹೆಂಗಸು. ಮಗನ ಮೂಳೆ ಮುರಿದಿದೆ, ಇವಳಿಗೆ ರಾಗಿ ಬಿತ್ತುವ ಚಿಂತೆ. ಎರಡು ದಿನ ಇದ್ದು, ಒಬ್ಬ ಆಳನ್ನು ಗೊತ್ತು ಮಾಡಿಕೊಟ್ಟು ಹೊರಡುತ್ತೇನೆ.

ಮೇ ೨೪

“ನೀವು ನಮ್ಮ ಕೈಲಿ ಉಣ್ಣಾಕಿಲ್ಲ” ಎಂದು ಈರಕ್ಕ ತಾನೇ ತೀರ್ಮಾನ ಮಾಡಿ ನನಗೆ ಹೊಸ ಗಡಿಗೆ, ಹಿಟ್ಟು, ಮೂರು ಕಲ್ಲು ಕೊಟ್ಟಿದ್ದಾಳೆ. ಬೇವಿನ ಮರದ ಕೆಳಗೆ ನನ್ನ ಅಡಿಗೆ. ಮೊದಲ ದಿನದ ಮುದ್ದೆ ಹೊರಗೆ ಕಲ್ಲು, ಒಳಗೆ ಗಂಜಿ. ಎರಡನೆಯ ದಿನದ್ದನ್ನು ನಾಯಿ ಮೂಸಿ ನೋಡಿ ಹೋಯಿತು. ನೆನ್ನೆಯಿಂದ ಅವಳು ಮಾಡಿದ್ದನ್ನೇ ಉಣ್ಣುತ್ತಿದ್ದೇನೆ. ಹುರುಳಿ ಸಾರು. ಉಪ್ಪು ಸ್ವಲ್ಪ ಹೆಚ್ಚು. ಮೂರು ಮುದ್ದೆ ಉಂಡೆ.

ಆಳು ಸಿಗಲಿಲ್ಲ. ಮಳೆಗೆ ಮುಂಚೆ ಎಲ್ಲರೂ ಅವರವರ ಹೊಲದ ಕಡೆ ನೋಡುತ್ತಿದ್ದಾರೆ.

ಮೇ ೩೦

ಇಲ್ಲಿ ಅಖಾಡವಿಲ್ಲ. ಬೆಳಿಗ್ಗೆ ದಂಡ, ಬಸ್ಕಿ ತೆಗೆಯುತ್ತೇನೆ. ಊರಿನ ಹೆಂಗಸರು ನೀರಿಗೆ ಹೋಗುವಾಗ ನಿಂತು ನೋಡುತ್ತಾರೆ. “ಆ ಅಪ್ಪನಿಗೆ ಏನಾಗದೆ, ಎದ್ದು ಎದ್ದು ಬೀಳ್ತದೆ?” ಎಂದು ಒಬ್ಬಳು ಕೇಳಿದಳು. “ಕಾಲೇಜಲ್ಲಿ ಹೇಳಿಕೊಡ್ತಾರೆ” ಎಂದಳು ಈರಕ್ಕ.

ಮಿಕ್ಕ ಹೊತ್ತು ಹೊಲ ಹರಗುವುದು. ನೇಗಿಲು ಹಿಡಿಯುವುದರಲ್ಲಿ ಏನಿದೆ ಎಂದುಕೊಂಡಿದ್ದೆ. ನೇಗಿಲಿನಲ್ಲಿ ಏನೂ ಇಲ್ಲ, ಎತ್ತುಗಳಲ್ಲಿ ಇದೆ. ಅವು ನನ್ನನ್ನು ಒಂದೇ ದಿನದಲ್ಲಿ ಅಳೆದುಬಿಟ್ಟವು. ಸಣ್ಣಬೀರಪ್ಪ ಬದುವಿನ ಮೇಲೆ ಕುಳಿತು ಹೇಳಿಕೊಡುತ್ತಾನೆ. “ಕೈಯಲ್ಲಿ ಅದುಮಬ್ಯಾಡ. ಮೈಯಲ್ಲಿ ಒರಗು.” ನಾನು ಅದುಮಿದೆ. ನೇಗಿಲು ಕಲ್ಲಿಗೆ ಸಿಕ್ಕು ಕೈಯಲ್ಲಿ ಹಿಡಿದಿದ್ದ ಮೇಣಿ ಎದೆಗೆ ಬಡಿಯಿತು. ಅವನು ನಕ್ಕ. ನಗುವಾಗ ಹೆಗಲು ನೋಯುತ್ತದೆ, ಆದರೂ ನಗುತ್ತಾನೆ. ಮೂಢ.

ಸಂಜೆ ಅವನ ಕಟ್ಟು ಬಿಚ್ಚಿ ಅರೆದ ಸೊಪ್ಪು ಬದಲಾಯಿಸುವುದು ನನ್ನ ಕೆಲಸ. ಈರಕ್ಕನ ಕೈ ಒರಟು.

ಜೂನ್ ೫

ಅಣ್ಣ ಹೇಳಿಕಳಿಸಿದ್ದಾನೆ: ತರೀಕೆರೆಗೆ ವಾರವಿದೆ, ಬಂದು ಹಾಲು ತುಪ್ಪ ತಿಂದು ಮೈ ಮಾಡಿಕೊ. ಜೊತೆಗೆ, ಅವರ ಮನೆಯಲ್ಲಿ ಉಣ್ಣುತ್ತೀಯಂತೆ, ನೆಂಟರು ಆಡಿಕೊಳ್ಳುತ್ತಿದ್ದಾರೆ. ನೆಂಟರು ಆಡಿಕೊಳ್ಳದೆ ಇದ್ದ ದಿನ ಯಾವುದು? ನನ್ನ ಮುದ್ದೆಯನ್ನು ಒಂದು ದಿನ ಅವರಿಗೆ ಕಳಿಸಿದರೆ ಬಾಯಿ ತಾನಾಗಿ ಮುಚ್ಚೀತು.

ಹನ್ನೊಂದನೇ ತಾರೀಖು ಬೆಳಿಗ್ಗೆ ಇಲ್ಲಿಂದ ಹೊರಟರೆ ಬೀರೂರಿನಲ್ಲಿ ತರೀಕೆರೆಯ ರೈಲು ಸಿಗುತ್ತದೆ. ಸಾಕು. ಹನುಮಂತಪ್ಪನನ್ನು ಕೆಡವಲು ಹಾಲು ತುಪ್ಪದ ಅಗತ್ಯವಿಲ್ಲ, ನನ್ನ ಸಿಟ್ಟು ಸಾಕು.

ಜೂನ್ ೧೧

ನೆನ್ನೆ ಮಧ್ಯಾಹ್ನ ಮಳೆ ಬಂತು. ಮೃಗಶಿರೆ. ಒಂದೇ ಸಮನೆ ಸಂಜೆಯವರೆಗೆ ಸುರಿದು, ಬೆಳಿಗ್ಗೆ ಹೊಲ ಮುಟ್ಟಿದರೆ ಉಂಡೆ ಕಟ್ಟುವ ಹದ. ಊರಿಗೆ ಊರೇ ಕೂರಿಗೆ ಹೂಡಿತು.

ನಾನು ಲಂಗೋಟಿ ಟವಲು ಗಂಟು ಕಟ್ಟಿದೆ. ಸಣ್ಣಬೀರಪ್ಪ, “ಬಲಗಾಲು ಜೋಪಾನ ಕಣೋ, ಅವನು ಅದನ್ನೇ ಹುಡುಕ್ತಾನೆ,” ಎಂದ. ಈರಕ್ಕ ಬುತ್ತಿ ಕಟ್ಟಿಕೊಟ್ಟು, “ಹೋಗ್ಬಾ. ಗೆದ್ಕಂಡು ಬಾ. ಯಾರಾದ್ರೂ ಸಿಕ್ತಾರೇನೋ ನೋಡ್ತೀನಿ,” ಎಂದಳು. ಯಾರೂ ಸಿಗುವುದಿಲ್ಲವೆಂದು ಅವಳಿಗೂ ಗೊತ್ತು, ನನಗೂ ಗೊತ್ತು. ಇನ್ನೆರಡು ದಿನ ಬಿಸಿಲು ಬಿದ್ದರೆ ಈ ಮಳೆಯ ಹದ ಹಾರಿಹೋಗುತ್ತದೆ.

ಊರ ಮುಂದಿನ ದಿಣ್ಣೆ ಹತ್ತಿ ತಿರುಗಿ ನೋಡಿದೆ. ಅವರ ಹೊಲದಲ್ಲಿ ಸಣ್ಣಬೀರಪ್ಪ ಒಂದೇ ಕೈಯಲ್ಲಿ ನೊಗ ಎತ್ತುತ್ತಿದ್ದ. ಎತ್ತಿನ ಕತ್ತಿಗೆ ಇಡುವಷ್ಟರಲ್ಲಿ ಅದು ಜಾರುತ್ತಿತ್ತು. ಮತ್ತೆ ಬಗ್ಗುತ್ತಿದ್ದ. ಕಟ್ಟಿದ ಮೂಳೆ ಕಳಚಿದರೆ ಯಾರು ಕೂರಿಸುತ್ತಾರೆ? ಇಂಥ ದಡ್ಡನನ್ನು ನಾನು ಎಲ್ಲಿಯೂ ಕಂಡಿಲ್ಲ. ಬೈಯಬೇಕೆಂದು ಹಿಂದಿರುಗಿದೆ. ಬೈದು ಮುಗಿಸುವಷ್ಟರಲ್ಲಿ ಕೂರಿಗೆ ನನ್ನ ಕೈಯಲ್ಲಿತ್ತು.

ಈರಕ್ಕ ಪಕ್ಕದಲ್ಲಿ ನಡೆಯುತ್ತ ಬೀಜ ಬಿಟ್ಟಳು. ಬುತ್ತಿಯನ್ನು ಮೂವರೂ ಬದುವಿನ ಮೇಲೆ ಉಂಡೆವು.

ಜೂನ್ ೧೨

ದಿನವೆಲ್ಲ ಬಿತ್ತನೆ. ಎಡಗಡೆಯ ಎತ್ತು ಕಳ್ಳ. ಕೆರೆಯ ಕಡೆಯ ತುಂಡು ಉಳಿದಿದೆ.

ಜೂನ್ ೧೩

ಅಣ್ಣ ಬಂದ. ಗಾಡಿಯಿಂದ ಇಳಿಯುವ ಮೊದಲೇ ಬೈಗುಳ ಶುರು. ಮೂರು ತಾಲ್ಲೂಕಿನ ಜನ ಕೂಡಿದ್ದರಂತೆ. ನನ್ನ ಹೆಸರು ಕೂಗಿ ಕೂಗಿ ಸಾರುವವನ ಗಂಟಲು ಕಟ್ಟಿತಂತೆ. ಹೆದರಿ ಓಡಿದ ಎಂದು ತರೀಕೆರೆಯ ಹೋಟೆಲಿನಲ್ಲಿ ಮಾತಂತೆ.

“ನಮ್ಮ ತೆಂಗಿನ ತೋಟದಾಗೆ ಒಂದು ದಿನ ಕೈ ಹಾಕಿದೋನಲ್ಲ ನೀನು. ಇಲ್ಲಿ ಯಾರದೋ ಹೊಲದಾಗೆ ಎತ್ತಿನ ಬಾಲ ಹಿಡ್ಕಂಡಿದೀಯ. ನಾಚಿಕೆ ಆಗಾಕಿಲ್ವ?”

“ಪಕ್ಕಕ್ಕೆ ನಿಂತ್ಕೋ, ಬಿತ್ತಿರೋ ಸಾಲು ತುಳೀತಿದೀಯ,” ಎಂದೆ.

ಅವನ ಮುಖ ನೋಡಬೇಕಿತ್ತು. ಸಾಲು ದಾಟಿಕೊಂಡು, ಪಂಚೆ ಎತ್ತಿ ಹಿಡಿದು, ಕೊಕ್ಕರೆಯ ಹಾಗೆ ನಡೆದು ಹೋದ. ಹೋಗುವಾಗ ಅತ್ತಿಗೆ ಕೊಟ್ಟಿದ್ದ ತುಪ್ಪದ ಗಡಿಗೆಯನ್ನು ಜಗಲಿಯ ಮೇಲೆ ಇಟ್ಟು ಹೋಗಿದ್ದಾನೆ.

ಜೂನ್ ೧೪

ಇವತ್ತು ಇನ್ನೂ ದೊಡ್ಡ ತಮಾಷೆ. ಮಧ್ಯಾಹ್ನ ಬಾಡಿಗೆ ಗಾಡಿಯೊಂದು ಬಂದು ಹೊಲದ ಪಕ್ಕ ನಿಂತಿತು. ಇಳಿದದ್ದು ಹನುಮಂತಪ್ಪ. ಕೋಟು, ಕೈಯಲ್ಲಿ ಹಿಡಿದುಕೊಂಡ ಬೆಳ್ಳಿ ಕಡಗ. ಹತ್ತಿರದಿಂದ ನೋಡಿದರೆ ಅಷ್ಟೇನೂ ದಪ್ಪವಿಲ್ಲ. ಎಡಗಿವಿ ನಜ್ಜಾಗಿದೆ.

“ನೀವು ಬರಲಿಲ್ಲ,” ಎಂದ.

“ಹದ ಬಂದಿತ್ತು.”

ಅವನು ಹೊಲವನ್ನೂ ನನ್ನ ಕೆಸರು ಕಾಲನ್ನೂ ನೋಡಿದ. “ಎದುರಾಳಿ ಇಲ್ಲ ಅಂತ ಸುಮ್ನೆ ತೊಡಿಸಿಬಿಟ್ಟರು ಇದನ್ನ. ಫೆಬ್ರವರಿಯಿಂದ ನಮ್ಮ ಗರಡೀಲೇ ಕೇಳ್ತಾರೆ, ಆ ಕಪ್ ನೀನು ಗೆದ್ದದ್ದಾ, ಸೀಟಿ ಗೆದ್ದದ್ದಾ ಅಂತ. ಈಗ ಇದೂ ಸೇರಿತು. ನೀವು ಒಂದು ಸಲ ನನ್ನ ಜೊತೆ ಹಿಡೀಬೇಕು. ಅದನ್ನ ಕೇಳೋಕೆ ಬಂದೆ.”

“ಇನ್ನೂ ಕೆರೆ ಕಡೆ ತುಂಡು ಉಳಿದಿದೆ. ಅದು ಮುಗೀಲಿ.”

“ಎಷ್ಟು ಹೊತ್ತು?”

“ಹಲುವೆ ಹೊಡೆಯೋಕೆ ಇನ್ನೊಬ್ಬ ಇದ್ರೆ ಬೇಗ ಆಗ್ತದೆ ಕಣ್ರೀ,” ಎಂದ ಸಣ್ಣಬೀರಪ್ಪ ಬದುವಿನಿಂದ, ಯಾರನ್ನೂ ನೋಡದೆ.

ಮೈಸೂರಿನ ಪೈಲ್ವಾನ ಕೋಟು ಬಿಚ್ಚಿ ಬೇಲಿಗೆ ಹಾಕಿದ. ಬೀಜ ಮುಚ್ಚುವ ಹಲುವೆಯ ಮೇಲೆ ನಿಲ್ಲುವುದಕ್ಕೆ ಹೋಗಿ ಎರಡು ಸಲ ಮಗುಚಿ ಬಿದ್ದ. ನಾನು ಮನಸಾರೆ ನಕ್ಕೆ. ಆಮೇಲೆ ಕೈಯಲ್ಲಿ ಅದುಮಬೇಡ, ಮೈಯಲ್ಲಿ ಒರಗು ಎಂದು ಹೇಳಿಕೊಟ್ಟೆ. ಇಷ್ಟು ಸರಳವಾದದ್ದೂ ಈ ಪಟ್ಟಣದವರಿಗೆ ಗೊತ್ತಿರುವುದಿಲ್ಲ.

ರೆಫರಿಯ ಮಾತು ಎತ್ತಬೇಕೆಂದಿದ್ದೆ. ಎತ್ತಿನ ಮಾತಿನಲ್ಲಿ ಮರೆತುಹೋಯಿತು.

ಜೂನ್ ೧೫

ಬೆಳಿಗ್ಗೆ ಕೆರೆಯ ಹಿಂದಿನ ಮೆತ್ತನೆಯ ಮಣ್ಣಿನಲ್ಲಿ ಕುಸ್ತಿ ಹಿಡಿದೆವು. ಸಣ್ಣಬೀರಪ್ಪ ಪಂಚ. ನೋಡುವುದಕ್ಕೆ ಈರಕ್ಕ, ಗಾಡಿಯವನು, ನಾಲ್ಕು ಕುರಿ.

ಹನುಮಂತಪ್ಪ ಚೆನ್ನಾಗಿ ಹಿಡಿದ. ನಾನೂ ಎರಡು ಸಲ ಎತ್ತಿದೆ. ಮೂರನೆಯ ಸಲ ಎತ್ತಹೋದಾಗ ಬಲಗಾಲು ಸಿಕ್ಕಿಸಿದ. ಬಿದ್ದೆ. ಆಕಾಶ ಕಾಣಿಸಿತು. ಸಣ್ಣಬೀರಪ್ಪನ ಮುಖ ಅಡ್ಡ ಬಂತು.

“ಹತ್ತಿತಾ?” ಎಂದೆ.

“ಹತ್ತಿತು ಕಣೋ.”

ಹನುಮಂತಪ್ಪ ಕೈ ಕೊಟ್ಟು ಎಬ್ಬಿಸಿ, ನನ್ನ ಬೆನ್ನಿನ ಮಣ್ಣನ್ನು ಅಂಗೈಯಿಂದ ಒರೆಸಿದ. ಈರಕ್ಕ ತುಪ್ಪ ಹಾಕಿ ಮುದ್ದೆ ಬಡಿಸಿದಳು. ಅವನು ಮುದ್ದೆಯನ್ನು ಅಗಿದು ಅಗಿದು ಒದ್ದಾಡಿದ. ನುಂಗಬೇಕು ಎಂದು ಅದನ್ನೂ ನಾನೇ ಹೇಳಿಕೊಡಬೇಕಾಯಿತು. ಹೋಗುವಾಗ ಕಡಗವನ್ನು ಕೈಗೆ ಏರಿಸಿಕೊಂಡ. ಈಗ ಹಾಕಿಕೊಳ್ಳಬಹುದು ಎಂದ. ಹಾಕಿಕೊಳ್ಳಲಿ. ಗೆದ್ದಿದ್ದಾನೆ.

ಮಧ್ಯಾಹ್ನ ಮೋಡ ಕಟ್ಟಿದೆ. ಬಿತ್ತಿದ್ದಕ್ಕೆ ಒಂದು ಹನಿ ಬೀಳಬೇಕು. ಜೋರಾಗಿ ಬರಬಾರದು.

ಜೂನ್ ೨೩

ಮೊಳಕೆ ಬಂತು. ಮೊದಲು ಕಂಡದ್ದು ನನಗೆ. ಬಗ್ಗಿ ನೋಡಿದರೆ ಹಸಿರು, ನಿಂತು ನೋಡಿದರೆ ಏನೂ ಇಲ್ಲ. ಈರಕ್ಕನನ್ನು ಕರೆದು ತೋರಿಸಿದೆ. “ರಾಗಿ ಬಿತ್ತಿದ್ರೆ ರಾಗಿ ಬರ್ದೆ ಇನ್ನೇನು ಬತ್ತದೋ?” ಎಂದಳು.

ನಾಳೆ ಕಾಲೇಜು ತೆರೆಯುತ್ತದೆ.

ಜುಲೈ ೧

ಪೈರು ಮೇಲೆ ಬಂದ ಮೇಲೆ ನನ್ನ ಸಾಲುಗಳು ಊರಿಗೆಲ್ಲ ಕಾಣುತ್ತಿವೆ. ಒಂದೂ ನೆಟ್ಟಗಿಲ್ಲ. ಬೇಲಿಯಿಂದ ಹೊರಟು, ನಡುವೆ ಮನಸ್ಸು ಬದಲಾಯಿಸಿ, ಕೆರೆಯ ಕಡೆ ನೀರು ಕುಡಿಯಲು ಹೋದಂತಿವೆ. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡುತ್ತಾರೆ. ಒಬ್ಬ ಮುದುಕ, “ಯಾರಪ್ಪ ಬಿತ್ತಿದೋರು, ಹಾವಾ?” ಎಂದು ಕೇಳಿದ. “ನಾನೇ, ಏನೀಗ?” ಎಂದೆ. ಅವನು ನಕ್ಕ. ನನಗೂ ನಗು ಬಂತು, ಮುದುಕನ ಬಾಯಲ್ಲಿ ಹಲ್ಲಿರಲಿಲ್ಲ.

ಇವತ್ತು ಬೆಳಿಗ್ಗೆ ಸಣ್ಣಬೀರಪ್ಪನ ಕಟ್ಟು ಪೂರ್ತಿ ಬಿಚ್ಚಿದರು. ಇಬ್ಬರೂ ಹೊಲಕ್ಕೆ ಹೋದೆವು. ಕೆರೆಯ ಕಡೆ ಹನುಮಂತಪ್ಪ ಹಲುವೆಯಿಂದ ಬಿದ್ದ ಜಾಗದಲ್ಲಿ ಪೈರು ಗುಂಪಾಗಿ ಬಂದಿದೆ. ಅದನ್ನು ತೋರಿಸುವುದಕ್ಕೆಂದು ಅವನು ಬಲಗೈ ಎತ್ತಿದ. ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಇನ್ನೊಂದು ಸಲ ಎತ್ತಿದ. ಅಲ್ಲಿಗೇ ಬಂದು ನಿಂತಿತು. ಅವನು ಅದನ್ನು ಇಳಿಸಿ, ಎಡಗೈಯಿಂದ ತೋರಿಸಿದ.

“ಅಲ್ಲಿ ನೋಡು,” ಎಂದ.

ನೋಡಿದೆ.

“ನಾನಿನ್ನು ಕುಸ್ತಿ ಹಿಡಿಯೋದು ಆಗಾಕಿಲ್ಲ ಬಿಡು,” ಎಂದ ಆಮೇಲೆ. “ಓದು ಮುಗಿಸ್ತೀನಿ. ರಾಗಿ ಕೊಯ್ದು ಬತ್ತೀನಿ ಅಂತ ಕಾಲೇಜಿಗೆ ಬರೆದು ಹಾಕಿದೀನಿ. ನೀನು ಹೋಗು ಕಣೋ. ಕಾಲೇಜು ತೆರೆದು ವಾರ ಆಯ್ತು. ಈ ವರ್ಷ ನಿನ್ನನ್ನ ತಡೆಯೋರು ಯಾರಿದಾರೆ?”

“ಹೋಗಿ ಯಾರ ಜೊತೆ ಸಾಮು ಮಾಡಲಿ? ಅಲ್ಲಿರೋರೆಲ್ಲ ಹಿಟ್ಟಿನ ಮೂಟೆ. ಎತ್ತಿ ಒಗೆದರೆ ಧೂಳು ಬರ್ತದೆ, ಅಷ್ಟೆ. ನಿನ್ನಂಥ ಒಬ್ಬ ಜೋಡಿ ಇಡೀ ಸಂಸ್ಥಾನದಲ್ಲಿ ಸಿಗಲ್ಲ.”

ಇದ್ದದ್ದನ್ನು ಹೇಳಿದೆ. ಅವನು ಯಾಕೋ ಮುಖ ಆ ಕಡೆ ತಿರುಗಿಸಿಕೊಂಡು, ಬದುವಿನ ಹುಲ್ಲು ಕೀಳುತ್ತ ಕುಳಿತುಬಿಟ್ಟ. ಹಾಡಲೂ ಇಲ್ಲ. ಇಷ್ಟು ದಿನ ಜೊತೆಗಿದ್ದರೂ ಈ ಮನುಷ್ಯನ ತಲೆಯಲ್ಲಿ ಏನಿದೆಯೋ ನನಗೆ ತಿಳಿಯುವುದಿಲ್ಲ.

ಸಾಲಿನ ನಡುವೆ ಕಳೆ ಎದ್ದಿದೆ. ಪಕ್ಕದ ಹೊಲದವನು ಎಡೆಕುಂಟೆ ಹೊಡೆದುಕೊಡುತ್ತೇನೆಂದು ಬಂದಿದ್ದ. ಈರಕ್ಕ ಬೇಡವೆಂದಳು. “ಈ ಡೊಂಕಿನಾಗೆ ಬ್ಯಾರೆಯೋರು ಕುಂಟೆ ಹಾಕಿದ್ರೆ ಪೈರೆಲ್ಲಾ ಕಿತ್ತೋಯ್ತದೆ. ಎಲ್ಲೆಲ್ಲಿ ಸೊಟ್ಟಗದೆ ಅನ್ನೋದು ಬಿತ್ತಿದ ನಮ್ ಹುಡುಗನಿಗೇ ಗೊತ್ತು,” ಎಂದಳು.

ಅದು ಸರಿಯೇ. ನಾಳೆ ಬೇಗ ಹೂಡಬೇಕು. ಎಡಗಡೆಯ ಎತ್ತಿಗೆ ಬಿಸಿಲೇರಿದರೆ ಕೆಲಸದ ನೆನಪೇ ಇರುವುದಿಲ್ಲ.